ಡೆವ್ ಲಿಸ್ಟ್ ತುಂಬಾ ಟ್ರ್ಯಾಕರ್ ಮೇಲ್‌ಗಳೇ, ಮನುಷ್ಯರು ಬರೆದದ್ದು ಕಾಣುತ್ತಿಲ್ಲ. ಏನು ಮಾಡೋಣ?

ತುಂಗಾತೀರ:

ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ. ಹಿನ್ನೆಲೆ ಹೇಳದೆ ಕೇಳಿದರೆ ಅರ್ಥ ಆಗುವುದಿಲ್ಲ, ಅದಕ್ಕೆ.

ನಾನು ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯಲ್ಲಿ ಆರು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬಿಡುವಿನ ಹೊತ್ತಿನಲ್ಲಿ, ಸಂಬಳಕ್ಕಲ್ಲ. ಕಮಿಟ್ ಮಾಡುವ, ಅಂದರೆ ಕೋಡ್ ಬದಲಾವಣೆಯನ್ನು ನೇರ ಸೇರಿಸುವ ಹಕ್ಕಿರುವವರು ಒಂಬತ್ತು ಜನ. ಬೇರೆ ಬೇರೆ ದೇಶದಲ್ಲಿದ್ದೇವೆ, ಅವರಲ್ಲಿ ಒಬ್ಬರನ್ನೂ ನಾನು ಎದುರಿಗೆ ನೋಡಿಲ್ಲ. ನಮ್ಮನ್ನೆಲ್ಲ ಒಟ್ಟಿಗೆ ಇಟ್ಟಿರುವುದು ಡೆವ್ ಲಿಸ್ಟ್ ಅನ್ನುವ ಒಂದು ಮೇಲಿಂಗ್ ಲಿಸ್ಟ್, ಅದರ ವಿಳಾಸಕ್ಕೆ ಬರೆದರೆ ಎಲ್ಲ ಸದಸ್ಯರಿಗೂ ಹೋಗುತ್ತದೆ. ಮೇಲ್‌ಮ್ಯಾನ್ ಅನ್ನುವ ತಂತ್ರಾಂಶದಲ್ಲಿ ನಡೆಯುತ್ತದೆ. ರಿಲೀಸ್ ಯಾವಾಗ, ಯಾವ ಫಂಕ್ಷನ್ ತೆಗೆಯೋಣ, ಯಾರನ್ನು ಹೊಸದಾಗಿ ಸೇರಿಸಿಕೊಳ್ಳೋಣ, ಎಲ್ಲ ಅಲ್ಲೇ ತೀರ್ಮಾನ ಆಗುತ್ತದೆ.

ಹೋದ ವರ್ಷ ಇಶ್ಯೂಗಳನ್ನೆಲ್ಲ, ಅಂದರೆ ಬಗ್ ವರದಿ, ಬೇಡಿಕೆಗಳನ್ನೆಲ್ಲ, ಗಿಟ್‌ಹಬ್‌ನ ಟ್ರ್ಯಾಕರ್‌ಗೆ ಸಾಗಿಸಿದೆವು. ಲಿಸ್ಟ್‌ನಲ್ಲಿರುವವರಿಗೂ ಗೊತ್ತಾಗಲಿ ಅಂತ ಒಂದು ಬಾಟ್ ಖಾತೆ ತೆರೆದು, ಅದರ ಇಮೇಲ್ ಅಂತ ಲಿಸ್ಟ್‌ನ ವಿಳಾಸವನ್ನೇ ಕೊಟ್ಟು, ಆ ಖಾತೆಯಿಂದ ರೆಪಾಸಿಟರಿಯನ್ನು (ನಮ್ಮ ಕೋಡ್ ಇರುವ ಜಾಗ) ವಾಚ್ ಮಾಡಿದೆವು, ಅಂದರೆ ಅಲ್ಲಿ ಏನಾದರೂ ಮೇಲ್ ಬರುವ ಹಾಗೆ ಇಟ್ಟೆವು. ಹತ್ತು ನಿಮಿಷದ ಕೆಲಸ. ಅವತ್ತು ಎಲ್ಲರಿಗೂ ಖುಷಿ ಆಯಿತು.

ಈಗ ಏನಾಗಿದೆ ಅಂದರೆ, ಯಾರಾದರೂ ಕಾಮೆಂಟ್ ಹಾಕಿದರೆ ಒಂದು ಮೇಲ್, ಇಶ್ಯೂ ಮುಚ್ಚಿದರೆ ಒಂದು, ಮತ್ತೆ ತೆರೆದರೆ ಇನ್ನೊಂದು, ಪುಲ್ ರಿಕ್ವೆಸ್ಟ್‌ಗೆ (ನನ್ನ ಕೋಡ್ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಹೊಸ ಕಮಿಟ್ ಸೇರಿಸಿದರೆ ಮತ್ತೊಂದು. ನಾವು ಬಳಸುವ ಬೇರೆ ಲೈಬ್ರರಿಗಳ ಹೊಸ ಆವೃತ್ತಿ ನೋಡಿಕೊಳ್ಳುವ ಡಿಪೆಂಡಾಬಾಟ್ ತಾನೇ ಪುಲ್ ರಿಕ್ವೆಸ್ಟ್ ತೆರೆಯುತ್ತದೆ, ಹೊಸ ಆವೃತ್ತಿ ಬಂದ ಕೂಡಲೇ ಹಳೆಯದನ್ನು ತಾನೇ ಮುಚ್ಚುತ್ತದೆ, ಅದಕ್ಕೂ ಮೇಲ್. ಬಾಟ್ ಮಾಡಿದ್ದನ್ನು ಇನ್ನೊಂದು ಬಾಟ್ ನಮಗೆ ಹೇಳುತ್ತಿದೆ.

ನನಗೆ ನಿಜವಾಗಿ ನೋವಾದ ವಿಷಯ ಬೇರೆ. ನಮ್ಮ ಪಾರ್ಸರ್‌ನ ಮೊದಲ ಆವೃತ್ತಿ ಬರೆದ ಹಿರಿಯರೊಬ್ಬರು ಎರಡು ತಿಂಗಳ ಹಿಂದೆ ಲಿಸ್ಟ್‌ಗೆ ಒಂದು ಪತ್ರ ಬರೆದಿದ್ದರು. ಹಳೆಯ ಫೈಲ್ ಫಾರ್ಮ್ಯಾಟ್ ಓದುವ ಕೋಡ್ ತೆಗೆಯುವ ಮೊದಲು ಏನೇನು ಯೋಚಿಸಬೇಕು ಅಂತ ಎರಡು ಪುಟ ಆಗುವಷ್ಟು, ಉದಾಹರಣೆ ಸಮೇತ. ಹನ್ನೊಂದು ದಿನ ಯಾರೂ ಉತ್ತರ ಕೊಡಲಿಲ್ಲ. ಹನ್ನೆರಡನೇ ದಿನ ಅವರು ಒಂದೇ ಸಾಲು ಬರೆದರು, ಇಲ್ಲಿ ಇನ್ನೂ ಯಾರಾದರೂ ಇದ್ದೀರಾ ಅಂತ. ಆಮೇಲೆ ನಾನು ಆರ್ಕೈವ್ ತೆಗೆದು ಎಣಿಸಿದೆ. ಅವರ ಎರಡು ಪತ್ರಗಳ ನಡುವೆ ಬಂದಿದ್ದು 168 ಮೇಲ್, ಅದರಲ್ಲಿ ಜನ ಲಿಸ್ಟ್‌ಗೇ ಅಂತ ಬರೆದದ್ದು 4. ನಾವ್ಯಾರೂ ಸೋಮಾರಿಗಳಲ್ಲ. ಲಿಸ್ಟ್‌ನ ಫೋಲ್ಡರ್ ತೆರೆಯುವುದನ್ನೇ ಬಿಟ್ಟಿದ್ದೆವು, ಅಷ್ಟೆ.

ಈಗ ನಮ್ಮಲ್ಲಿ ಎರಡು ಅಭಿಪ್ರಾಯ ಇದೆ. ಒಬ್ಬರು ಟ್ರ್ಯಾಕರ್ ಮೇಲ್ ಪೂರ್ತಿ ನಿಲ್ಲಿಸಿ ಎನ್ನುತ್ತಾರೆ. ಇನ್ನೊಬ್ಬರು ಬೇಡ ಎನ್ನುತ್ತಾರೆ, ಯಾಕೆಂದರೆ ಅವರಿಗೆ ನೆಟ್ ಸರಿಯಾಗಿ ಸಿಗುವುದಿಲ್ಲ, ಮೇಲ್‌ಗಳನ್ನು ಒಮ್ಮೆಗೆ ಇಳಿಸಿಕೊಂಡು ರಾತ್ರಿ ಓದುತ್ತಾರೆ, ಜೊತೆಗೆ ನಾಳೆ ಗಿಟ್‌ಹಬ್ ಬಿಟ್ಟು ಬೇರೆ ಕಡೆ ಹೋದರೆ ಚರ್ಚೆಯ ದಾಖಲೆ ನಮ್ಮ ಆರ್ಕೈವ್‌ನಲ್ಲಾದರೂ ಉಳಿಯಬೇಕು ಅಂತ. ಎರಡೂ ಸರಿ ಅನ್ನಿಸುತ್ತದೆ. ನೀವೆಲ್ಲ ನಿಮ್ಮ ಪ್ರಾಜೆಕ್ಟ್‌ಗಳಲ್ಲಿ ಹೇಗೆ ಮಾಡಿದ್ದೀರಿ? ಬೇರೆ ಲಿಸ್ಟ್ ತೆರೆದರೆ ಅದನ್ನು ಯಾರಾದರೂ ಓದುತ್ತಾರಾ?

ಹಳೇಅಂಚೆ:

ಆ ಹಿರಿಯರಿಗೆ ಮೊದಲು ಉತ್ತರ ಬರೆಯಿರಿ, ಬರೆದಿಲ್ಲದಿದ್ದರೆ. ಮಿಕ್ಕಿದ್ದು ಆಮೇಲೆ.

ನಾನು, ಅನೇಕ ಓಪನ್ ಸೋರ್ಸ್ ಪ್ರಾಜೆಕ್ಟ್‌ಗಳಿರುವ ಅಪಾಚೆ ಫೌಂಡೇಶನ್‌ನ ಒಂದು ಪ್ರಾಜೆಕ್ಟ್‌ನಲ್ಲಿ ಬಹಳ ವರ್ಷ ಇದ್ದೆ, ಹಾಗಾಗಿ ಅಲ್ಲಿಯ ರೀತಿ ಹೇಳುತ್ತೇನೆ. ಲಿಸ್ಟ್‌ನಲ್ಲಿ ನಡೆಯದ ಚರ್ಚೆ ನಡೆದೇ ಇಲ್ಲ ಅನ್ನುವ ಮಾತು ಅಲ್ಲಿ ಹೊಸಬರಿಗೆ ಮೊದಲ ದಿನವೇ ಕಿವಿಗೆ ಬೀಳುತ್ತದೆ. ಆದ್ದರಿಂದ ಟ್ರ್ಯಾಕರ್‌ನಲ್ಲಿ ಆದದ್ದೂ ಯಾವುದಾದರೂ ಒಂದು ಲಿಸ್ಟ್‌ಗೆ ಹೋಗಲೇಬೇಕು. ಆದರೆ ಒಂದೇ ಲಿಸ್ಟ್‌ಗೆ ಹೋಗಬೇಕು ಅಂತ ಯಾರೂ ಹೇಳಿಲ್ಲ. ಡೆವ್ ಲಿಸ್ಟ್ ಮಾತಿಗೆ, ಕಮಿಟ್ಸ್ ಲಿಸ್ಟ್ ಕೋಡ್ ಬದಲಾವಣೆಗೆ, ಇಶ್ಯೂಸ್ ಲಿಸ್ಟ್ ಟ್ರ್ಯಾಕರ್‌ಗೆ, ಹೀಗೆ ಹಂಚುತ್ತಾರೆ. ಈಗ ರೆಪಾಸಿಟರಿಯಲ್ಲೇ ಸೆಟ್ಟಿಂಗ್ ಬರೆಯುವ ಒಂದು ಯಾಮಲ್ ಫೈಲ್ ಇಟ್ಟು, ಇಶ್ಯೂ ಮೇಲ್ ಈ ಲಿಸ್ಟ್‌ಗೆ, ಪುಲ್ ರಿಕ್ವೆಸ್ಟ್ ಮೇಲ್ ಆ ಲಿಸ್ಟ್‌ಗೆ, ಅದರ ಕಾಮೆಂಟ್‌ಗಳು ಇನ್ನೊಂದಕ್ಕೆ ಅಂತ ಪ್ರಾಜೆಕ್ಟ್‌ನವರೇ ಬರೆದುಕೊಳ್ಳಬಹುದು.

ಇದು ಅಪಾಚೆಯವರದ್ದೇ ಪದ್ಧತಿ ಏನಲ್ಲ. ಜಿಸಿಸಿ ಕಂಪೈಲರ್‌ನವರಲ್ಲಿ ಬಗ್‌ಜಿಲ್ಲಾ ಅನ್ನುವ ಟ್ರ್ಯಾಕರ್‌ನ ಮೇಲ್‌ಗಳಿಗೆ ಜಿಸಿಸಿ-ಬಗ್ಸ್ ಅಂತಲೇ ಬೇರೆ ಲಿಸ್ಟ್ ಇದೆ, ಪ್ಯಾಚ್‌ಗಳಿಗೆ (ಕೋಡ್ ತಿದ್ದುಪಡಿ) ಇನ್ನೊಂದು. ಜಾಂಗೋ ಅನ್ನುವ ವೆಬ್ ಫ್ರೇಮ್‌ವರ್ಕ್‌ನಲ್ಲಿ ಟ್ರ್ಯಾಕ್ ಅನ್ನುವ ಟ್ರ್ಯಾಕರ್‌ನ ಟಿಕೆಟ್ ಬದಲಾವಣೆಗಳು ಜಾಂಗೋ-ಅಪ್‌ಡೇಟ್ಸ್‌ಗೆ ಹೋಗುತ್ತಿದ್ದವು.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಓದುತ್ತಾರಾ ಅಂತ ಕೇಳಿದಿರಲ್ಲ. ಓದುವುದಿಲ್ಲ. ನಾನು ಕಂಡ ಮಟ್ಟಿಗೆ ಇಶ್ಯೂಸ್ ಲಿಸ್ಟ್ ಅನ್ನುವುದು ಉಗ್ರಾಣ. ಬೇಕಾದಾಗ ಹುಡುಕಲು ಇರುತ್ತದೆ, ದಿನಾ ಯಾರೂ ಒಳಗೆ ಹೋಗುವುದಿಲ್ಲ. ಎಲ್ಲವನ್ನೂ ಅಲ್ಲಿಗೆ ತಳ್ಳಿಬಿಟ್ಟರೆ ಹೊಸ ಬಗ್ ಬಂದದ್ದೇ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಹಾಗೇ ಆಯಿತು. ಡೇಟಾ ಹಾಳಾಗುವಂಥ ಒಂದು ಬಗ್ ಮೂರು ವಾರ ಸುಮ್ನೆ ಬಿದ್ದಿತ್ತು, ಡೆವ್ ಲಿಸ್ಟ್ ಮಾತ್ರ ಶಾಂತವಾಗಿ, ನೋಡಲು ಚೆಂದವಾಗಿತ್ತು.

ಅಪಾಚೆಯದೇ ಹಡೂಪ್ ಪ್ರಾಜೆಕ್ಟ್‌ನವರ ರೀತಿ ನನಗೆ ಇಷ್ಟ. ಅಲ್ಲಿ ಡೆವ್ ಲಿಸ್ಟ್‌ಗೆ ಜಿರಾ ಅನ್ನುವ ಟ್ರ್ಯಾಕರ್‌ನಿಂದ ಬರುವುದು ಮುಖ್ಯವಾಗಿ ಎರಡೇ ಥರದ ಮೇಲ್. ಹೊಸ ಇಶ್ಯೂ ಹುಟ್ಟಿದಾಗ ಒಂದು, ಅದು ಬಗೆಹರಿದಾಗ ಒಂದು. ಸಬ್ಜೆಕ್ಟ್‌ನಲ್ಲೇ ಕ್ರಿಯೇಟೆಡ್ ಅಥವಾ ರಿಸಾಲ್ವ್ಡ್ ಅಂತ ಇರುತ್ತದೆ. ನಡುವಿನ ಇಪ್ಪತ್ತು ಮೂವತ್ತು ಕಾಮೆಂಟ್, ಪ್ಯಾಚ್ ಹಾಕಿದ್ದು, ಹೆಸರು ಬದಲಾಯಿಸಿದ್ದು, ಎಲ್ಲ ಇಶ್ಯೂಸ್ ಲಿಸ್ಟ್‌ಗೆ. ಜಿರಾದ ನೋಟಿಫಿಕೇಶನ್ ಸ್ಕೀಮ್‌ನಲ್ಲಿ ಪ್ರತಿ ಘಟನೆಗೂ ಯಾರಿಗೆ ಮೇಲ್ ಹೋಗಬೇಕು ಅಂತ ಬೇರೆ ಬೇರೆಯಾಗಿ ಹೇಳಬಹುದಾದ್ದರಿಂದ ಇದು ಸುಲಭ. ಮಗು ಹುಟ್ಟಿದ ಸುದ್ದಿ ಊರಿಗೆಲ್ಲ ಹೇಳುತ್ತೇವೆ, ಪ್ರತಿ ಸಲ ಹಾಲು ಕುಡಿಸಿದ್ದನ್ನು ಹೇಳುವುದಿಲ್ಲ ಅಲ್ವಾ, ಹಾಗೆ.

ಪೈಥಾನ್‌ನವರದ್ದು ಇನ್ನೂ ಚೆನ್ನಾಗಿತ್ತು. ಅವರು 2022ರ ಏಪ್ರಿಲ್‌ನಲ್ಲಿ ಗಿಟ್‌ಹಬ್ ಇಶ್ಯೂಗಳಿಗೆ ಹೋದರು. ಅದಕ್ಕೆ ಮೊದಲು ರೌಂಡಪ್ ಅನ್ನುವ ಟ್ರ್ಯಾಕರ್ ಇತ್ತು. ಎಲ್ಲ ಬದಲಾವಣೆಗೆ ಒಂದು ಲಿಸ್ಟ್, ಹೊಸ ಬಗ್‌ಗಳಿಗೆ ಮಾತ್ರ ಇನ್ನೊಂದು ಲಿಸ್ಟ್. ಮುಖ್ಯ ಡೆವ್ ಲಿಸ್ಟ್‌ಗೆ ಪ್ರತಿ ಶುಕ್ರವಾರ ಒಂದೇ ಒಂದು ಮೇಲ್. ಎಷ್ಟು ಇಶ್ಯೂ ತೆರೆದಿವೆ, ಈ ವಾರ ಯಾವುವು ಬಂದವು, ಯಾವುವು ಮುಚ್ಚಿದವು, ಉತ್ತರವೇ ಸಿಗದೆ ಉಳಿದವು ಯಾವುವು, ಜಾಸ್ತಿ ಚರ್ಚೆ ಆದವು ಯಾವುವು. ನಾನು ಪೈಥಾನ್‌ಗೆ ಒಂದು ಸಾಲು ಕೋಡ್ ಬರೆದವನಲ್ಲ. ಆದರೂ ಆ ಶುಕ್ರವಾರದ ಮೇಲ್ ಓದುತ್ತಿದ್ದೆ. ವಾರಕ್ಕೊಂದು ಆದ್ದರಿಂದ ಓದಬೇಕು ಅನ್ನಿಸುತ್ತಿತ್ತು.

ನಿಮ್ಮ ಅಳತೆಯ ಪ್ರಾಜೆಕ್ಟ್‌ಗೆ ಡೆವ್ ಲಿಸ್ಟ್‌ನಲ್ಲಿ ಹೊಸ ಇಶ್ಯೂ ಮತ್ತು ವಾರದ ಪಟ್ಟಿ ಎರಡೇ ಸಾಕು. ಮಿಕ್ಕಿದ್ದಕ್ಕೆ ಇಶ್ಯೂಸ್ ಲಿಸ್ಟ್ ತೆರೆಯಿರಿ. ನೆಟ್ ಕಡಿಮೆ ಇರುವ ನಿಮ್ಮ ಗೆಳೆಯರು ಅದಕ್ಕೂ ಸೇರಿಕೊಳ್ಳಲಿ.

ಬಯಲುಸೀಮೆ:

ಹಳೇಅಂಚೆ ಹೇಳಿದ್ದು ಒಪ್ಪಿಗೆ. ಆದರೆ ಅದಕ್ಕೂ ಮೊದಲು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ. ನಿಮ್ಮ ಬಾಟ್ ಖಾತೆಯ ವಾಚ್ ತೆಗೆಯಿರಿ.

ಯಾಕೆ ಅಂದರೆ, ಗಿಟ್‌ಹಬ್ ಕಳಿಸುವ ಪ್ರತಿ ಮೇಲ್‌ನಲ್ಲೂ ಉತ್ತರಿಸುವ ವಿಳಾಸ ಅಂತ ಒಂದು ಉದ್ದದ ವಿಳಾಸ ಇರುತ್ತದೆ. ಅದರೊಳಗೆ ಒಂದು ಗುಪ್ತ ಟೋಕನ್ ಇದೆ. ಈ ಮೇಲ್ ಯಾವ ಖಾತೆಗೆ, ಯಾವ ಇಶ್ಯೂ ಬಗ್ಗೆ ಹೋಗಿದ್ದು ಅಂತ ಆ ಟೋಕನ್‌ನಿಂದಲೇ ಗೊತ್ತಾಗುವುದು. ನೀವು ಅದಕ್ಕೆ ಉತ್ತರ ಬರೆದರೆ ಅದು ಇಶ್ಯೂನಲ್ಲಿ ಬಾಟ್ ಖಾತೆಯ ಹೆಸರಿನಲ್ಲಿ ಕಾಮೆಂಟ್ ಆಗಿ ಕಾಣುತ್ತದೆ. ಲಿಸ್ಟ್‌ನ ಯಾವ ಸದಸ್ಯ ಬರೆದರೂ ಅಷ್ಟೇ. ನಿಮ್ಮ ಆರ್ಕೈವ್ ಸಾರ್ವಜನಿಕವಾಗಿದ್ದು ಹೆಡರ್‌ಗಳೂ (ಮೇಲ್‌ನ ತಲೆಯಲ್ಲಿರುವ ವಿಳಾಸ ಮುಂತಾದ ವಿವರ) ಕಾಣುವಂತಿದ್ದರೆ ಸದಸ್ಯರಲ್ಲದವರೂ ಬರೆಯಬಹುದು. ಆ ಬಾಟ್ ಖಾತೆಗೆ ರೆಪಾಸಿಟರಿಯಲ್ಲಿ ಏನಾದರೂ ಹಕ್ಕು ಕೊಟ್ಟಿದ್ದರೆ ಅದನ್ನೂ ಕೂಡಲೇ ತೆಗೆಯಿರಿ.

ಮೇಲ್‌ನ ಕೆಳಗೆ ಅನ್‌ಸಬ್‌ಸ್ಕ್ರೈಬ್ ಅಂತ ಒಂದು ಕೊಂಡಿ ಇರುತ್ತದೆ ನೋಡಿ, ಅದರಲ್ಲೂ ಇದೇ ಕಥೆ. ಮೇಲ್ ಜಾಸ್ತಿ ಆಯಿತು ಅಂತ ಒಬ್ಬ ಸದಸ್ಯ ಅದನ್ನು ಒತ್ತುತ್ತಾನೆ. ತಾನು ಹೊರಗೆ ಹೋದೆ ಅಂದುಕೊಳ್ಳುತ್ತಾನೆ. ಹೊರಗೆ ಹೋಗಿದ್ದು ಅವನಲ್ಲ, ಆ ಇಶ್ಯೂನಿಂದ ಇಡೀ ಲಿಸ್ಟ್! ಕೆಲವು ಇಶ್ಯೂಗಳ ಮೇಲ್ ನಡುವೆಯೇ ನಿಂತುಹೋಗಿದೆ ಅಂತ ನಿಮಗೆ ಯಾವಾಗಲಾದರೂ ಅನ್ನಿಸಿದ್ದರೆ ಇದೇ ಕಾರಣ ಇರಬಹುದು. ದಾಖಲೆ ಉಳಿಯಲಿ ಅಂತ ವಾದಿಸುತ್ತಿರುವ ನಿಮ್ಮ ಗೆಳೆಯರಿಗೆ ಇದನ್ನು ತೋರಿಸಿ, ದಾಖಲೆ ಈಗಲೇ ಪೂರ್ತಿ ಇಲ್ಲ.

ಸರಿಯಾದ ದಾರಿ ಅಂದರೆ ಗಿಟ್‌ಹಬ್‌ನ ಮೇಲ್ ಅನ್ನೇ ಲಿಸ್ಟ್‌ಗೆ ತಿರುಗಿಸದೆ, ವೆಬ್‌ಹುಕ್ ಅಥವಾ ಗಿಟ್‌ಹಬ್ ಆಕ್ಷನ್ಸ್ (ಏನಾದರೂ ಆದಾಗ ನಿಮ್ಮ ಸ್ಕ್ರಿಪ್ಟ್ ಓಡುವ ಹಾಗೆ ಮಾಡುವ ಸೌಲಭ್ಯಗಳು) ಮೂಲಕ ನೀವೇ ಮೇಲ್ ಬರೆದು ಕಳಿಸುವುದು. ನೂರು ಸಾಲಿನ ಸ್ಕ್ರಿಪ್ಟ್ ಸಾಕು. ಅದರಲ್ಲಿ ಯಾರ ಟೋಕನ್ನೂ ಇರುವುದಿಲ್ಲ, ಇಶ್ಯೂನ ಸಾದಾ ಕೊಂಡಿ ಮಾತ್ರ ಇರುತ್ತದೆ. ಬರೆಯುವಾಗ ಕೆಲವು ವಿಷಯ ಗಮನದಲ್ಲಿಡಿ, ನಾನು ಒಂದೊಂದನ್ನೂ ಪೆಟ್ಟು ತಿಂದೇ ಕಲಿತಿದ್ದು.

ಒಂದು ಇಶ್ಯೂನ ಮೇಲ್‌ಗಳೆಲ್ಲ ಒಂದೇ ಥ್ರೆಡ್‌ನಲ್ಲಿ ಕೂರಬೇಕು. ಅದಕ್ಕೆ ಮೊದಲ ಮೇಲ್‌ನ ಮೆಸೇಜ್-ಐಡಿಯನ್ನು (ಪ್ರತಿ ಮೇಲ್‌ಗೂ ಇರುವ ಗುರುತು) ಇಶ್ಯೂ ನಂಬರಿನಿಂದಲೇ ಕಟ್ಟಿ. ಆಮೇಲಿನ ಪ್ರತಿ ಮೇಲ್‌ನ ಇನ್-ರಿಪ್ಲೈ-ಟು ಮತ್ತು ರೆಫರೆನ್ಸಸ್ ಹೆಡರ್‌ಗಳಲ್ಲಿ ಆ ಐಡಿ ಹಾಕಿ. ಆಗ ಹಿಂದಿನ ಮೇಲ್‌ಗಳನ್ನು ಎಲ್ಲೂ ಕೂಡಿಟ್ಟುಕೊಳ್ಳುವ ಅಗತ್ಯವೇ ಬೀಳುವುದಿಲ್ಲ, ನಂಬರ್ ಗೊತ್ತಿದ್ದರೆ ಸಾಕು. ಸಬ್ಜೆಕ್ಟ್ ಮಾತ್ರ ನಂಬಿಕೊಳ್ಳಬೇಡಿ, ಇಶ್ಯೂನ ಶೀರ್ಷಿಕೆ ಯಾರಾದರೂ ತಿದ್ದಿದ ದಿನ ಥ್ರೆಡ್ ಎರಡು ತುಂಡಾಗುತ್ತದೆ.

ಆಟೋ-ಸಬ್ಮಿಟೆಡ್ ಅನ್ನುವ ಹೆಡರ್ ಹಾಕುವುದು ಮರೆಯಬೇಡಿ. 2004ರ ಆರ್‌ಎಫ್‌ಸಿ 3834 ಅನ್ನುವ ಇಂಟರ್‌ನೆಟ್ ನಿಯಮದ ದಾಖಲೆಯಲ್ಲಿ ಇದೆ. ಇದನ್ನು ಯಂತ್ರ ಬರೆದದ್ದು, ಇದಕ್ಕೆ ಇನ್ನೊಂದು ಯಂತ್ರ ಉತ್ತರ ಕೊಡಬಾರದು ಅಂತ ಅದರ ಅರ್ಥ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಟ್ರ್ಯಾಕರ್‌ಗೆ ಮೇಲ್ ಬಂದರೆ ಅದು ಕಾಮೆಂಟ್ ಆಗುತ್ತಿತ್ತು, ಕಾಮೆಂಟ್ ಆದರೆ ಟೀಮಿನ ಲಿಸ್ಟ್‌ಗೆ ಮೇಲ್ ಹೋಗುತ್ತಿತ್ತು. ದೀಪಾವಳಿ ರಜೆಗೆ ಹೋದವರೊಬ್ಬರು, ನಾನು ಊರಲ್ಲಿಲ್ಲ ಸೋಮವಾರ ಸಿಗುತ್ತೇನೆ ಅನ್ನುವ ಆಟೋ ರಿಪ್ಲೈ ಹಾಕಿಟ್ಟಿದ್ದರು. ಅದು ಟ್ರ್ಯಾಕರ್‌ಗೆ ಹೋಯಿತು, ಕಾಮೆಂಟ್ ಆಯಿತು, ಮೇಲ್ ಬಂತು, ಮತ್ತೆ ಆಟೋ ರಿಪ್ಲೈ. ಎರಡು ದಿನ ತಿರುಗಿತು. ಆ ಇಶ್ಯೂನಲ್ಲಿ ಗ್ರಾಹಕರೊಬ್ಬರ ನಿಜವಾದ ತೊಂದರೆ ಇತ್ತು, ಅವರು ಕೊಟ್ಟ ವಿವರ ಹುಡುಕಲು ನಾನು ಒಂದು ಬೆಳಗ್ಗೆ ಪೂರ್ತಿ ಕಳೆದೆ.

ಇನ್ನೊಂದು, ಮೇಲ್ ಕಳಿಸುವ ವಿಳಾಸ ನಿಮ್ಮದೇ ಡೊಮೇನ್‌ನದ್ದಾಗಿರಲಿ. 2014ರ ಏಪ್ರಿಲ್‌ನಲ್ಲಿ ಯಾಹೂ ತನ್ನ ಡಿಮಾರ್ಕ್ ನೀತಿಯನ್ನು (ಕಳಿಸಿದವರು ನಿಜ ಅಂತ ಖಾತ್ರಿ ಆಗದ ಮೇಲ್ ಅನ್ನು ಏನು ಮಾಡಬೇಕು ಅನ್ನುವುದು) ರಿಜೆಕ್ಟ್‌ಗೆ ಬದಲಾಯಿಸಿದಾಗ ಪ್ರಪಂಚದ ಲಿಸ್ಟ್‌ಗಳೆಲ್ಲ ಒದ್ದಾಡಿದ್ದು ಹಳಬರಿಗೆ ನೆನಪಿರಬಹುದು. ಲಿಸ್ಟ್ ಸಬ್ಜೆಕ್ಟ್‌ಗೆ ಒಂದು ಹೆಸರು ಅಂಟಿಸುತ್ತದೆ, ಕೆಳಗೆ ನಾಲ್ಕು ಸಾಲು ಸೇರಿಸುತ್ತದೆ. ಅಷ್ಟಕ್ಕೇ ಮೂಲ ಕಳಿಸಿದವರ ಡಿಕಿಮ್ ಸಹಿ (ಮೇಲ್ ಬದಲಾಗಿಲ್ಲ ಅಂತ ತೋರಿಸುವ ಡಿಜಿಟಲ್ ಸಹಿ) ಮುರಿಯುತ್ತದೆ. ಆಗ ಪಡೆಯುವ ಸರ್ವರ್ ಮೇಲ್ ತಿರಸ್ಕರಿಸುತ್ತದೆ. ಮೇಲ್‌ಮ್ಯಾನ್ ಹಾಗೆ ವಾಪಸ್ ಬಂದ ಬೌನ್ಸ್‌ಗಳನ್ನು ಎಣಿಸಿ, ಪಾಪ ಏನೂ ತಪ್ಪು ಮಾಡದ ಸದಸ್ಯರಿಗೇ ಮೇಲ್ ಕಳಿಸುವುದನ್ನು ನಿಲ್ಲಿಸುತ್ತದೆ. ನಿಮ್ಮ ಮೇಲ್‌ಮ್ಯಾನ್‌ನಲ್ಲಿ ಫ್ರಮ್ ವಿಳಾಸವನ್ನು ಲಿಸ್ಟ್‌ನದ್ದಕ್ಕೆ ಬದಲಾಯಿಸುವ ಆಯ್ಕೆ ಇದೆಯಾ ನೋಡಿಕೊಳ್ಳಿ.

ಕರಾವಳಿಮಳೆ:

ಮೇಲಿನ ಇಬ್ಬರೂ ಕಳಿಸುವವರ ಕಡೆಯಿಂದ ಯೋಚಿಸಿದ್ದಾರೆ. ನಾನು ಓದುವವಳ ಕಡೆಯಿಂದ ಹೇಳುತ್ತೇನೆ.

ಫಿಲ್ಟರ್ ಹಾಕಿಕೊಳ್ಳಿ, ಲಿಸ್ಟ್ ಬದಲಾಯಿಸುವುದು ಯಾಕೆ ಅಂತ ನಿಮ್ಮಲ್ಲಿ ಯಾರಾದರೂ ಖಂಡಿತ ಹೇಳುತ್ತಾರೆ. ಫಿಲ್ಟರ್ ಒಳ್ಳೆಯದೇ. 2001ರಿಂದ ಲಿಸ್ಟ್-ಐಡಿ ಅನ್ನುವ ಹೆಡರ್‌ಗೆ ಆರ್‌ಎಫ್‌ಸಿ 2919 ಇದೆ, ಜಿಮೇಲ್‌ನಲ್ಲೂ ಅದರ ಮೇಲೆ ಹುಡುಕಬಹುದು. ಬಗ್‌ಜಿಲ್ಲಾದ ಮೇಲ್‌ಗಳಲ್ಲಿ ಎಕ್ಸ್-ಬಗ್‌ಜಿಲ್ಲಾ ಅಂತ ಶುರುವಾಗುವ ಹೆಡರ್‌ಗಳು ಸಾಲಾಗಿ ಇರುತ್ತವೆ, ಯಾವ ಕಾಂಪೊನೆಂಟ್, ಯಾರು ಬದಲಾಯಿಸಿದರು, ನಿನಗೆ ಯಾಕೆ ಈ ಮೇಲ್ ಬಂತು, ಎಲ್ಲ. ಸೀವ್ ಅನ್ನುವ ಮೇಲ್ ಫಿಲ್ಟರ್ ಭಾಷೆ ಗೊತ್ತಿರುವವರು ಎರಡು ಸಾಲಿನಲ್ಲಿ ಬೇರೆ ಮಾಡಿಕೊಳ್ಳುತ್ತಾರೆ.

ಗಿಟ್‌ಹಬ್ ಕೂಡ ಎಕ್ಸ್-ಗಿಟ್‌ಹಬ್-ರೀಸನ್ ಅಂತ ಒಂದು ಹೆಡರ್ ಕಳಿಸುತ್ತದೆ. ನಿನ್ನ ಹೆಸರು ಹೇಳಿದ್ದಾರೆ, ನಿನ್ನಿಂದ ರಿವ್ಯೂ ಕೇಳಿದ್ದಾರೆ, ನಿನಗೆ ಕೆಲಸ ಒಪ್ಪಿಸಿದ್ದಾರೆ, ಅಥವಾ ನೀನು ವಾಚ್ ಮಾಡುತ್ತಿದ್ದೀಯ ಅಷ್ಟೇ. ಜಿಮೇಲ್ ಫಿಲ್ಟರ್ ಇಂಥ ಹೆಡರ್‌ಗಳನ್ನು ಓದುವುದಿಲ್ಲ, ಅದಕ್ಕೆ ಗಿಟ್‌ಹಬ್‌ನವರು ಇದೇ ಕಾರಣವನ್ನು ಸಿಸಿಯಲ್ಲಿ ಒಂದು ವಿಳಾಸದ ರೂಪದಲ್ಲೂ ಹಾಕುತ್ತಾರೆ. ನನ್ನ ಹೆಸರು ಬಂದ ಮೇಲ್‌ಗೆ ಕೆಂಪು ಲೇಬಲ್, ಮಿಕ್ಕಿದ್ದು ಇನ್‌ಬಾಕ್ಸ್ ತಪ್ಪಿಸಿ ನೇರ ಫೋಲ್ಡರ್‌ಗೆ. ನಾನು ನಾಲ್ಕು ವರ್ಷದಿಂದ ಹೀಗೇ ಬದುಕುತ್ತಿದ್ದೇನೆ.

ಈಗ ನಿಮ್ಮ ಬಾಟ್ ವಿಷಯಕ್ಕೆ ಬನ್ನಿ. ಆ ಮೇಲ್ ಹೋಗಿದ್ದು ಬಾಟ್‌ಗೆ. ಅದರಲ್ಲಿರುವ ಕಾರಣವೂ ಬಾಟ್‌ನದ್ದೇ. ಬಾಟ್ ವಾಚ್ ಮಾಡುತ್ತಿದೆ ಅಂತ ಮಾತ್ರ ಇರುತ್ತದೆ. ಇಶ್ಯೂನಲ್ಲಿ ಯಾರಾದರೂ ನಿಮ್ಮ ಹೆಸರು ಹಿಡಿದು ಕೇಳಿದ್ದರೂ ಲಿಸ್ಟ್‌ಗೆ ಬಂದ ಪ್ರತಿಯಲ್ಲಿ ಅದರ ಗುರುತಿಲ್ಲ. ಇದು ನನಗಾ, ಎಲ್ಲರಿಗಾ, ಯಾರಿಗೂ ಅಲ್ಲವಾ ಅನ್ನುವುದೇ ತಾನೆ ಓದುವವರಿಗೆ ಬೇಕಾದ ಮೊದಲ ವಿಷಯ? ಅದೇ ಕಳೆದುಹೋಗಿರುತ್ತದೆ. ಆಮೇಲೆ ಒಂಬತ್ತು ಜನರೂ ಬೇರೆ ಎಂಟು ಜನ ನೋಡಿರುತ್ತಾರೆ ಅಂದುಕೊಳ್ಳುತ್ತಾರೆ.

ಆದ್ದರಿಂದ ಕಮಿಟ್ ಹಕ್ಕಿರುವ ಪ್ರತಿಯೊಬ್ಬರೂ ತಮ್ಮ ಸ್ವಂತ ಖಾತೆಯಿಂದ ವಾಚ್ ಮಾಡಲಿ. ಎಲ್ಲವೂ ಬೇಡ ಎನ್ನುವವರಿಗೆ ಕಸ್ಟಮ್ ಅಂತ ಆಯ್ಕೆ ಇದೆ, ಇಶ್ಯೂ ಮಾತ್ರ, ಪುಲ್ ರಿಕ್ವೆಸ್ಟ್ ಮಾತ್ರ, ರಿಲೀಸ್ ಮಾತ್ರ ಅಂತ ಆರಿಸಬಹುದು. ನಿಮ್ಮದು ಮೇಲ್‌ಮ್ಯಾನ್ 2.1 ಆಗಿದ್ದರೆ ಅದರಲ್ಲಿ ಟಾಪಿಕ್ಸ್ ಅನ್ನುವ ಸೌಲಭ್ಯವೂ ಇದೆ, ಸಬ್ಜೆಕ್ಟ್ ನೋಡಿ ಬೇಕಾದ ವಿಷಯ ಮಾತ್ರ ತರಿಸಿಕೊಳ್ಳಬಹುದು, ಬಳಸುವವರು ಕಡಿಮೆ.

ಫಿಲ್ಟರ್ ಹಾಕಿಕೊಳ್ಳಿ ಅನ್ನುವ ಉತ್ತರ ಮಾತ್ರ ನನಗೆ ಒಪ್ಪಿಗೆ ಆಗುವುದಿಲ್ಲ. ಅದು ಒಳಗಿರುವವರ ಉತ್ತರ. ಕಾಲೇಜಿನಲ್ಲಿದ್ದಾಗ ನಾನು ಮೊದಲ ಸಲ ಸೇರಿದ ಲಿಸ್ಟ್‌ನಲ್ಲಿ ಮೊದಲ ದಿನವೇ ಎಪ್ಪತ್ತು ಮೇಲ್ ಬಂದವು. ಫಿಲ್ಟರ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಎಲ್ಲರೂ ಬಹಳ ದೊಡ್ಡ ಕೆಲಸದಲ್ಲಿದ್ದಾರೆ, ನನ್ನ ಸಣ್ಣ ಪ್ರಶ್ನೆಗೆ ಇಲ್ಲಿ ಜಾಗ ಇಲ್ಲ ಅನ್ನಿಸಿತು. ಮೂರನೇ ದಿನ ಬಿಟ್ಟೆ. ಅಷ್ಟೂ ಮೇಲ್ ಬರೆದದ್ದು ಯಂತ್ರ ಅಂತ ತಿಳಿದದ್ದು ಎಷ್ಟೋ ಕಾಲದ ಮೇಲೆ. ಹೊಸಬರು ಬಾಗಿಲು ತೆರೆದ ಕೂಡಲೇ ಏನು ಕಾಣುತ್ತಾರೆ ಅನ್ನುವುದನ್ನು ಲಿಸ್ಟ್ ನಡೆಸುವವರು ನೋಡಬೇಕು.

ಅಡಿಕೆಮರ:

ಡೆಬಿಯನ್ (ಒಂದು ಲಿನಕ್ಸ್ ವಿತರಣೆ) ಕಡೆಯಿಂದ ಒಂದು ಮಾತು ಸೇರಿಸುತ್ತೇನೆ, ಅಲ್ಲಿ ಪರಿಸ್ಥಿತಿ ತಲೆಕೆಳಗು. ಟ್ರ್ಯಾಕರ್‌ನಿಂದ ಮೇಲ್ ಬರುವುದು ಅಂತಿಲ್ಲ, ಮೇಲ್ ಅನ್ನುವುದೇ ಟ್ರ್ಯಾಕರ್. ಪ್ರತಿ ಬಗ್‌ಗೂ ಅದರ ನಂಬರಿನದ್ದೇ ಇಮೇಲ್ ವಿಳಾಸ ಇದೆ. ವಿಳಾಸದಲ್ಲಿ ನಂಬರಿನ ನಂತರ ಡನ್ ಅಂತ ಸೇರಿಸಿ ಮೇಲ್ ಕಳಿಸಿದರೆ ಬಗ್ ಮುಚ್ಚುತ್ತದೆ. 1990ರ ದಶಕದಿಂದ ಹೀಗೇ.

ಎಷ್ಟು ಬಗ್ ಇರಬಹುದು ಊಹಿಸಿ, ಎಲ್ಲ ಮೇಲ್ ಎಲ್ಲರಿಗೂ ಹೋದರೆ ಯಾರೂ ಉಳಿಯುವುದಿಲ್ಲ. ಅದಕ್ಕೆ ಯಾರಿಗೆ ಕೇಳಿಸಬೇಕು ಅನ್ನುವುದನ್ನು ಬರೆಯುವವರೇ ವಿಳಾಸದ ಮೂಲಕ ಆರಿಸುವ ಹಾಗೆ ಮಾಡಿದ್ದಾರೆ. ಮಾಮೂಲಿ ವಿಳಾಸಕ್ಕೆ ಹಾಕಿದರೆ ಪ್ಯಾಕೇಜ್ ನೋಡಿಕೊಳ್ಳುವವರಿಗೂ ಬಗ್‌ಗಳ ದೊಡ್ಡ ಲಿಸ್ಟ್‌ಗೂ ಹೋಗುತ್ತದೆ. ಮೇಂಟ್‌ಓನ್ಲಿ ವಿಳಾಸಕ್ಕೆ ಹಾಕಿದರೆ ಪ್ಯಾಕೇಜ್‌ನವರಿಗೆ ಮಾತ್ರ. ಕ್ವೈಟ್ ಅಂತ ಹಾಕಿದರೆ ದಾಖಲೆಗೆ ಸೇರುತ್ತದೆ, ಯಾರ ಇನ್‌ಬಾಕ್ಸಿಗೂ ಹೋಗುವುದಿಲ್ಲ. ಒಂದೇ ಥರದ ಬಗ್ ಅನ್ನು ನೂರಾರು ಪ್ಯಾಕೇಜ್‌ಗಳ ಮೇಲೆ ಒಟ್ಟಿಗೆ ಹಾಕಬೇಕಾದರೆ ಮೊದಲು ಡೆವೆಲ್ ಲಿಸ್ಟ್‌ನಲ್ಲಿ ಕೇಳಬೇಕು, ಆಮೇಲೆ ಮೇಂಟ್‌ಓನ್ಲಿ ಬಳಸಬೇಕು ಅನ್ನುವ ನಿಯಮವೂ ಇದೆ.

ನಿಮಗೆ ಹೇಳಬೇಕು ಅಂದುಕೊಂಡದ್ದು ಇದು. ಡೆಬಿಯನ್-ಡೆವೆಲ್ ಲಿಸ್ಟ್ ಮಾತುಕತೆಗೆ ಇರುವುದು, ಬಗ್‌ಗಳು ಅಲ್ಲಿಗೆ ಸುಮ್ನೆ ಬರುವುದಿಲ್ಲ. ಆದರೆ ಯಾರಾದರೂ ಹೊಸ ಪ್ಯಾಕೇಜ್ ಮಾಡುತ್ತೇನೆ ಅಂತ ಐಟಿಪಿ (ಇಂಟೆಂಟ್ ಟು ಪ್ಯಾಕೇಜ್) ಬಗ್ ಹಾಕಿದರೆ ಅದರ ಪ್ರತಿ ಡೆವೆಲ್ ಲಿಸ್ಟ್‌ಗೂ ಹೋಗುತ್ತದೆ. ಬೇಡ, ಇದರ ಕೋಡ್ ಸತ್ತು ವರ್ಷಗಳಾಗಿವೆ, ಅಥವಾ ನಾನು ಆಗಲೇ ಅರ್ಧ ಮಾಡಿದ್ದೇನೆ ಬಾ ಸೇರಿಕೊಳ್ಳೋಣ ಅಂತ ಹೇಳಲು ಎಲ್ಲರಿಗೂ ಅವಕಾಶ ಸಿಗಲಿ ಅಂತ. ಇದು ಎಲ್ಲರಿಗೂ ಕೇಳಿಸಬೇಕಾದ ವಿಷಯ ಅಂತ ಯಾರೋ ಒಬ್ಬರು ಯೋಚಿಸಿ ತೀರ್ಮಾನ ಮಾಡಿದ್ದಾರೆ.

ಹಳೇಅಂಚೆ ಹೇಳಿದ ಹೊಸ ಇಶ್ಯೂ ಮೇಲ್ ಜೊತೆಗೆ ಇದನ್ನೂ ಮಾಡಿ. ಟ್ರ್ಯಾಕರ್‌ನಲ್ಲಿ ಒಂದು ಲೇಬಲ್ ಇಡಿ, ಲಿಸ್ಟ್‌ಗೆ ಅಂತ. ಇಶ್ಯೂನಲ್ಲಿ ಮಾತು ದಾರಿ ಬದಲಾಯಿಸಿ ದೊಡ್ಡ ತೀರ್ಮಾನದ ಕಡೆ ಹೋಗುತ್ತಿದೆ ಅನ್ನಿಸಿದಾಗ ಯಾರಾದರೂ ಆ ಲೇಬಲ್ ಹಚ್ಚಲಿ, ಸ್ಕ್ರಿಪ್ಟ್ ಅದನ್ನು ಡೆವ್ ಲಿಸ್ಟ್‌ಗೆ ಕಳಿಸಲಿ. ಹಚ್ಚುವವರು ನಾಲ್ಕು ಸಾಲು ಹಿನ್ನೆಲೆ ಬರೆದರೆ ಇನ್ನೂ ಒಳ್ಳೆಯದು. ಮೂವತ್ತು ಕಾಮೆಂಟ್ ಓದಿ ಬನ್ನಿ ಅಂದರೆ ಯಾರೂ ಬರುವುದಿಲ್ಲ.

ಪೂರ್ತಿ ನಿಲ್ಲಿಸಿ ಎನ್ನುವವರಿಗೆ ಲಿನಕ್ಸ್ ಕರ್ನಲ್ ತೋರಿಸಿ. ಅಲ್ಲಿ ಬಗ್‌ಜಿಲ್ಲಾ ಇದೆ, ಆದರೆ ಬಹಳ ಭಾಗಗಳ ಮೇಂಟೇನರ್‌ಗಳು ಅದನ್ನು ನೋಡುವುದಿಲ್ಲ. ಬಗ್ ವರದಿ ಮಾಡುವುದು ಹೇಗೆ ಅಂತ ಹೇಳುವ ಕರ್ನಲ್‌ನ ಸ್ವಂತ ಕೈಪಿಡಿಯೇ, ಮೇಲ್ ಬರೆಯಿರಿ ಅಂತ ಎಚ್ಚರಿಸುತ್ತದೆ. ಟ್ರ್ಯಾಕರ್‌ಗೂ ಲಿಸ್ಟ್‌ಗೂ ನಡುವೆ ದಾರಿ ಇಲ್ಲದಿದ್ದರೆ, ಕಷ್ಟಪಟ್ಟು ವಿವರ ಬರೆದವರ ಬಗ್ ಹಾಗೇ ಕೂತಿರುತ್ತದೆ.

ತುಂಗಾತೀರ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ಈ ಹತ್ತು ದಿನದಲ್ಲಿ ಏನಾಯಿತು ಅಂತ ಹೇಳುತ್ತೇನೆ.

ಬಯಲುಸೀಮೆ ಬರೆದದ್ದನ್ನು ಓದಿದ ರಾತ್ರಿಯೇ ಬಾಟ್‌ನ ವಾಚ್ ತೆಗೆದೆ. ಆರ್ಕೈವ್ ನೋಡಿದರೆ ಹೆಡರ್‌ಗಳು ಕಾಣುವುದಿಲ್ಲ, ಆದರೆ ಅನ್‌ಸಬ್‌ಸ್ಕ್ರೈಬ್ ಕೊಂಡಿಗಳು ಎಲ್ಲ ಮೇಲ್‌ನ ಕೆಳಗೂ ಇದ್ದವು. ಬಾಟ್ ಖಾತೆಗೆ ಟ್ರಯಾಜ್ ಹಕ್ಕು (ಇಶ್ಯೂ ಮುಚ್ಚುವ, ಲೇಬಲ್ ಹಚ್ಚುವ ಹಕ್ಕು) ಕೊಟ್ಟಿದ್ದೆವು, ಯಾಕೆ ಕೊಟ್ಟೆವು ಅಂತ ಯಾರಿಗೂ ನೆನಪಿಲ್ಲ, ಅದನ್ನೂ ತೆಗೆದೆವು. ಏಳು ಇಶ್ಯೂಗಳ ಮೇಲ್ ನಿಜವಾಗಿಯೂ ನಡುವೆ ನಿಂತಿತ್ತು. ಅದರಲ್ಲಿ ಒಂದು ಇನ್ನೂ ತೆರೆದೇ ಇರುವ ಸೆಕ್ಯುರಿಟಿ ವಿಷಯದ ಚರ್ಚೆ. ದಾಖಲೆ ಬೇಕು ಎನ್ನುತ್ತಿದ್ದ ಗೆಳೆಯರಿಗೆ ತೋರಿಸಿದೆ, ಅವರೇ ಈಗ ಸ್ಕ್ರಿಪ್ಟ್ ಬರೆಯುತ್ತಿದ್ದಾರೆ.

ಇಶ್ಯೂಸ್ ಲಿಸ್ಟ್ ತೆರೆದಿದ್ದೇವೆ. ಡೆವ್ ಲಿಸ್ಟ್‌ನ ಸದಸ್ಯರನ್ನು ನಾವಾಗಿಯೇ ಅದಕ್ಕೆ ಸೇರಿಸಲಿಲ್ಲ, ಬೇಕಾದವರು ಸೇರಿ ಅಂತ ಒಂದು ಪತ್ರ ಹಾಕಿದೆವು. ಇಲ್ಲಿಯವರೆಗೆ ಐದು ಜನ ಸೇರಿದ್ದಾರೆ. ಡೆವ್ ಲಿಸ್ಟ್‌ಗೆ ಹೊಸ ಇಶ್ಯೂ ಮಾತ್ರ, ಡಿಪೆಂಡಾಬಾಟ್ ತೆರೆದದ್ದು ಎಲ್ಲಿಗೂ ಇಲ್ಲ. ಅಡಿಕೆಮರ ಹೇಳಿದ ಲೇಬಲ್ ಎಲ್ಲರಿಗೂ ಇಷ್ಟ ಆಯಿತು. ಆದರೆ ಒಬ್ಬರು ಒಂದು ಒಳ್ಳೆಯ ತಿದ್ದುಪಡಿ ತಂದರು. ಲೇಬಲ್ ಹಚ್ಚಿದರೆ ಸ್ಕ್ರಿಪ್ಟ್ ಮೇಲ್ ಕಳಿಸುವುದು ಬೇಡ, ಹಚ್ಚಿದವರೇ ಕೈಯಾರೆ ಬರೆದು ಕಳಿಸಲಿ, ಯಂತ್ರ ಕಳಿಸಿದ್ದನ್ನು ನಾವು ಮತ್ತೆ ಓದದೆ ಬಿಡುತ್ತೇವೆ ಅಂತ. ನನಗೂ ಹಾಗೇ ಅನ್ನಿಸಿತು. ಲೇಬಲ್ ಹಚ್ಚಿ ಮೂರು ದಿನದಲ್ಲಿ ಪತ್ರ ಬರದಿದ್ದರೆ ಮಾತ್ರ ಸ್ಕ್ರಿಪ್ಟ್ ಹಚ್ಚಿದವರಿಗೆ ನೆನಪಿಸುತ್ತದೆ.

ಹಿರಿಯರಿಗೆ ಅವತ್ತೇ ಉತ್ತರ ಬರೆದೆ, ಕ್ಷಮೆ ಕೇಳಿ. ಅವರು ಕೇಳಿದ ಒಂದೊಂದು ಅಂಶಕ್ಕೂ ಉತ್ತರಿಸಲು ಎರಡು ಸಂಜೆ ಬೇಕಾಯಿತು. ಮಾರನೇ ದಿನ ಅವರಿಂದ ಮತ್ತೆ ಎರಡು ಪುಟ ಬಂತು. ಈಗ ಆ ಥ್ರೆಡ್‌ನಲ್ಲಿ ಆರು ಜನ ಮಾತಾಡುತ್ತಿದ್ದೇವೆ, ಹಳೆಯ ಫಾರ್ಮ್ಯಾಟ್ ಓದುವ ಕೋಡ್ ತೆಗೆಯುವುದು ಒಂದು ರಿಲೀಸ್ ಮುಂದಕ್ಕೆ ಹೋಗಿದೆ.

ಒಂದು ವಿಷಯ ಉಳಿದಿದೆ. ಶುಕ್ರವಾರದ ಪಟ್ಟಿಯಲ್ಲಿ ಏನಿರಬೇಕು? ಒಂಬತ್ತು ಜನರ ಪ್ರಾಜೆಕ್ಟ್‌ಗೆ ಪೈಥಾನ್‌ನವರಷ್ಟು ವಿವರ ಬೇಕಾ?

ಹಳೇಅಂಚೆ:

ಬೇಡ. ಮೂರೇ ಭಾಗ ಸಾಕು, ಈ ವಾರ ಬಂದವು, ಈ ವಾರ ಮುಚ್ಚಿದವು, ಎರಡು ವಾರ ಕಳೆದರೂ ಯಾರೂ ಒಂದು ಮಾತು ಬರೆಯದೆ ಇರುವವು. ಮೂರನೆಯದನ್ನು ಎಲ್ಲಕ್ಕಿಂತ ಮೇಲೆ ಹಾಕಿ, ವರದಿ ಮಾಡಿದವರ ಹೆಸರಿನ ಜೊತೆ. ಕೆಳಗೆ ಹಾಕಿದರೆ ಅಲ್ಲಿಯವರೆಗೆ ಯಾರೂ ಇಳಿಯುವುದಿಲ್ಲ. ಖಾಲಿ ವಾರ ಬಂದರೂ ಮೇಲ್ ಕಳಿಸಿ, ಇಲ್ಲದಿದ್ದರೆ ಸ್ಕ್ರಿಪ್ಟ್ ನಿಂತಿದ್ದು ತಿಂಗಳಾದರೂ ಗೊತ್ತಾಗುವುದಿಲ್ಲ.